ಲಿಬ್ರೆಆಫೀಸ್: ಮೂಲ ಸಂಕೇತದಿಂದ ಕನ್ನಡ ಆವೃತ್ತಿಯ ನಿರ್ಮಾಣ

ಲಿಬ್ರೆಆಫೀಸ್ 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಮುಕ್ತ ಕಚೇರಿ ತಂತ್ರಾಂಶ. ಇದರ ಬಹುಭಾಗ ಸಿ++ ಭಾಷೆಯಲ್ಲಿದೆ. ಉಬುಂಟು, ಡೆಬಿಯನ್, ಫೆಡೋರಾಗಳಲ್ಲಿ ಸಿದ್ಧ ಪ್ಯಾಕೇಜ್ ದೊರೆಯುವುದರಿಂದ ಸಾಮಾನ್ಯ ಬಳಕೆದಾರರು ಇದನ್ನು ಮೂಲ ಸಂಕೇತದಿಂದ ಕಂಪೈಲ್ ಮಾಡಬೇಕಿಲ್ಲ. ದೋಷ ತಿದ್ದುವವರಿಗೆ ಮತ್ತು ಕನ್ನಡ ಅನುವಾದವನ್ನು ಪರೀಕ್ಷಿಸುವವರಿಗೆ ಹೀಗೆ ಕಂಪೈಲ್ ಮಾಡುವ ವಿಧಾನ ಉಪಯುಕ್ತ.

ವಿಧಾನ: ಗಿಟ್ ಮೂಲಕ ಮೂಲ ಸಂಕೇತವನ್ನು ಇಳಿಸಿಕೊಂಡ ಮೇಲೆ ‘ಆಟೋಜೆನ್’ ಕಡತವು ಅಗತ್ಯ ಲೈಬ್ರರಿಗಳಿವೆಯೇ ಎಂದು ತಪಾಸಿಸುತ್ತದೆ. ಕನ್ನಡ ಮೆನುಗಳು ಬೇಕಿದ್ದರೆ ಈ ಹಂತದಲ್ಲೇ ಭಾಷಾ ಆಯ್ಕೆಯಾಗಿ ‘ಕೆಎನ್’ ಸಂಕೇತ ನೀಡಬೇಕು. ಬಳಿಕ ‘ಮೇಕ್’ ಆದೇಶದಂತೆ ಜಿಸಿಸಿ ಅಥವಾ ಕ್ಲ್ಯಾಂಗ್ ಕಂಪೈಲರ್ ಪ್ರತಿ ಕಡತವನ್ನೂ ಪ್ರತ್ಯೇಕವಾಗಿ ಯಂತ್ರಭಾಷೆಗೆ ತಿರುಗಿಸುತ್ತದೆ. ಲಿಂಕರ್ ಅವನ್ನು ಜೋಡಿಸುತ್ತದೆ. ಸಿದ್ಧವಾದ ತಂತ್ರಾಂಶವನ್ನು ಇನ್‌ಸ್ಟಾಲ್ ಮಾಡದೆಯೇ ಚಲಾಯಿಸಿ ನೋಡಬಹುದು.

ಮಿತಿಗಳು: ಸಾಧಾರಣ ಗಣಕದಲ್ಲಿ ಮೊದಲ ನಿರ್ಮಾಣಕ್ಕೆ ಹಲವು ಗಂಟೆ ಹಿಡಿಯುತ್ತದೆ. ರ್‍ಯಾಮ್ ಕಡಿಮೆಯಿದ್ದರೆ ಕೆಲಸ ನಡುವೆಯೇ ನಿಲ್ಲಬಹುದು. ಆಗ ಏಕಕಾಲಕ್ಕೆ ನಡೆಯುವ ಕಂಪೈಲ್‌ಗಳ ಸಂಖ್ಯೆ ತಗ್ಗಿಸಬೇಕು. ಹಿಂದಿನ ಫಲಿತಾಂಶಗಳನ್ನು ಉಳಿಸಿಡುವ ‘ಸಿಕ್ಯಾಶ್’ ಮರುನಿರ್ಮಾಣವನ್ನು ಬಹಳ ಚುರುಕಾಗಿಸುತ್ತದೆ.

ಕನ್ನಡ ಲಿಪಿ: ಒತ್ತಕ್ಷರ, ಗುಣಿತಾಕ್ಷರಗಳ ಜೋಡಣೆ ಹಾರ್ಫ್‌ಬಜ್ ಲೈಬ್ರರಿಯ ಕೆಲಸ. 2017ರ 5.3 ಆವೃತ್ತಿಯಿಂದ ಎಲ್ಲ ಕಾರ್ಯಾಚರಣ ವ್ಯವಸ್ಥೆಗಳಲ್ಲೂ ಲಿಬ್ರೆಆಫೀಸ್ ಇದನ್ನೇ ಬಳಸುತ್ತಿದೆ. ಆದ್ದರಿಂದ ಅಕ್ಷರರೂಪ ಕೆಟ್ಟರೆ ಫಾಂಟ್ ಮತ್ತು ಹಾರ್ಫ್‌ಬಜ್ ಎರಡನ್ನೂ ಪರಿಶೀಲಿಸಬೇಕಾಗುತ್ತದೆ.