ಹತ್ತಿ ಹಿಂಜಿದವರ ಲೆಕ್ಕ

ಅಂಗಳದ ದಾಸವಾಳ, ಸಾರಿಗೆ ಬೀಳುವ ಬೆಂಡೆ, ರೊಟ್ಟಿಗೆ ಜೊತೆಯಾಗುವ ಪುಂಡಿಪಲ್ಯ, ಎರೆಹೊಲದ ಹತ್ತಿ – ಇವೆಲ್ಲ ಒಂದೇ ಕುಟುಂಬಕ್ಕೆ ಸೇರಿದವು. ಸಸ್ಯಶಾಸ್ತ್ರಜ್ಞರು ಇದನ್ನು ಮಾಲ್ವೇಸಿ ಎನ್ನುತ್ತಾರೆ. ಬೆಂಡೆಯ ಹೂವನ್ನೂ ಹತ್ತಿಯ ಹೂವನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು: ಐದು ಎಸಳು, ನಡುವೆ ಕೇಸರಗಳೆಲ್ಲ ಕೂಡಿ ನಿಂತ ಒಂದು ಕಂಬ. ನಂಟು ತಾನೇ ತಿಳಿಯುತ್ತದೆ. ಈ ಬಂಧುಗಳ ಪೈಕಿ ನಮ್ಮ ಮಾನ ಮುಚ್ಚಿದ್ದು ಹತ್ತಿ.

ಬಲೂಚಿಸ್ತಾನದ ಮೆಹರ್‌ಗಢದ ಒಂದು ಗೋರಿಯಲ್ಲಿ ಸಿಕ್ಕ ತಾಮ್ರದ ಮಣಿಯೊಳಗೆ 7 ಸಾವಿರ ವರ್ಷಗಳಿಗೂ ಹಿಂದಿನ ಹತ್ತಿಯ ಎಳೆಗಳು ಉಳಿದಿದ್ದವು. ಮುಂದೆ ಬಟ್ಟೆಯ ಜೊತೆಗೆ ಮಾತೂ ಪ್ರಯಾಣ ಮಾಡಿತು. ಸಂಸ್ಕೃತದ 'ಕಾರ್ಪಾಸ' ಗ್ರೀಕರಲ್ಲಿ 'ಕಾರ್ಪಾಸೋಸ್' ಆಯಿತು. ಅರಬ್ಬಿಯ 'ಕುತ್ನ್' ಇಂಗ್ಲಿಷರ ಬಾಯಲ್ಲಿ 'ಕಾಟನ್' ಆಯಿತು.

ಚರಕ ನಮ್ಮ ದೇಶದಲ್ಲಿ ಯಾವಾಗಿನಿಂದ ಇದೆ ಎಂಬ ಬಗ್ಗೆ ಚರಿತ್ರೆಕಾರರಲ್ಲಿ ಒಮ್ಮತವಿಲ್ಲ. ಇರ್ಫಾನ್ ಹಬೀಬ್ ಅವರು ತೋರಿಸುವ ಆಧಾರ ಇಸಾಮಿಯ ಪಾರ್ಸಿ ಕಾವ್ಯ 'ಫುತೂಹುಸ್ಸಲಾತೀನ್'. ಬಹಮನಿ ಸುಲ್ತಾನನ ಆಶ್ರಯದಲ್ಲಿ ಅದು 1350ರಲ್ಲಿ ಮುಗಿಯಿತು. ರಜಿಯಾ ಸುಲ್ತಾನಳ ಮಾತು ಬಂದಾಗ, ಹೆಣ್ಣಿಗೆ ಸಿಂಹಾಸನಕ್ಕಿಂತ ಚರಕವೇ ಲೇಸೆಂಬ ಅಭಿಪ್ರಾಯ ಆ ಕವಿಯದು. ಆದರೆ ಅದಕ್ಕೂ ಮೊದಲೇ, 12ನೇ ಶತಮಾನದ ಶರಣೆ ಕದಿರ ರೆಮ್ಮವ್ವೆಯ ವಚನದಲ್ಲಿ ಚರಕದ ವರ್ಣನೆ ಇದೆಯೆಂದು ವಿಜಯಾ ರಾಮಸ್ವಾಮಿ ವಾದಿಸಿದರು. ಇಸಾಮಿಗೆ ಹೆಣ್ಣನ್ನು ಕೂರಿಸುವ ಮೂಲೆಯಾದ ನೂಲುವ ಕೆಲಸ ರೆಮ್ಮವ್ವೆಗೆ ಕಾಯಕ, ಅನುಭಾವ.

ಯಾರು ಮೊದಲು ತಂದರು ಎಂಬ ಈ ಚರ್ಚೆಯಲ್ಲಿ ನಾವು ಒಬ್ಬರನ್ನು ಮರೆಯುತ್ತೇವೆ. ಕದಿರಿಗೆ ಹಂಜಿ ಬೇಕು. ಹಂಜಿಯಾಗಬೇಕಾದರೆ ಯಾರಾದರೂ ಅರಳೆಯನ್ನು ಹಿಂಜಬೇಕು. ಆ ಕೆಲಸ ಮಾಡಿದವರು ನಮ್ಮ ನದಾಫರು, ಪಿಂಜಾರರು. 'ನದ್ದಾಫ್' ಅರಬ್ಬಿ ಮಾತು, 'ಪಿಂಜಾರ' ಈ ನೆಲದ ಮಾತು. ಎರಡರ ಅರ್ಥವೂ ಹತ್ತಿ ಹಿಂಜುವವನು ಎಂದೇ.

ನಮ್ಮ ಬಾಲ್ಯದಲ್ಲಿ ಬಿಲ್ಲು ಹೆಗಲಿಗೇರಿಸಿದ ಪಿಂಜಾರ ಓಣಿಗೆ ಬಂದರೆ ಹಳೆಯ ಗಾದಿಗಳೆಲ್ಲ ಅಂಗಳಕ್ಕೆ ಬರುತ್ತಿದ್ದವು. ಸಂಜೆಯ ಹೊತ್ತಿಗೆ ಅವನ ಹುಬ್ಬು, ಗಡ್ಡ ಎಲ್ಲ ಬೆಳ್ಳಗೆ. ಅವನ ಕೆಮ್ಮು ಮಾತ್ರ ನಮಗೆ ಆಗ ಕೇಳಿಸಲಿಲ್ಲ. ಯಂತ್ರಗಳು, ಆಮೇಲೆ ಫೋಮಿನ ಹಾಸಿಗೆಗಳು ಬಂದು ಬಿಲ್ಲಿನ ಸದ್ದು ನಿಂತಿತು.

922ರಲ್ಲಿ ಬಗ್ದಾದಿನಲ್ಲಿ ಮರಣದಂಡನೆಗೆ ಗುರಿಯಾದ ಸೂಫಿ ಮನ್ಸೂರ್ ಹಲ್ಲಾಜರ ಹೆಸರನ್ನು ನಮ್ಮ ಮುಶಾಯಿರಾಗಳಲ್ಲಿ ಎಷ್ಟು ಗೌರವದಿಂದ ಹೇಳುತ್ತೇವೆ! 'ಹಲ್ಲಾಜ್' ಎಂದರೂ ಹತ್ತಿ ಹಿಂಜುವವನೇ. ಅದೇ ನಾವು, ಸಂಬಂಧದ ಮಾತು ಬಂದಾಗ, 'ಅವರು ಪಿಂಜಾರರಲ್ಲವೇ' ಎಂದು ದನಿ ತಗ್ಗಿಸುತ್ತೇವೆ. ಸಮಾನತೆಯ ಧರ್ಮ ನಮ್ಮದೆಂದು ಹೊರಗೆ ಹೇಳಿಕೊಳ್ಳುವ ಮೊದಲು ಮನೆಯೊಳಗಿನ ಈ ದನಿಯನ್ನು ನಾವೇ ಒಮ್ಮೆ ಕೇಳಿಸಿಕೊಳ್ಳಬೇಕು. ನಮ್ಮ ಹುಟ್ಟಿನ ತೊಟ್ಟಿಲ ಹಾಸಿಗೆಯಲ್ಲೂ ಕೊನೆಯ ಕಫನಿನ ಬಟ್ಟೆಯಲ್ಲೂ ಅವರ ಕೈಗೆಲಸದ ಋಣವಿದೆ.