ಎಮ್ಮೆಗೊಂದು ಹಾಡು

ನಮ್ಮಮ್ಮ ಬಾಯಿ ತುಂಬ ನಕ್ಕದ್ದನ್ನು ನಾನು ಮೊದಲು ನೋಡಿದ್ದು ಟೆಂಟಿನಲ್ಲಿ. ಆಗ ನನಗೆ ಹತ್ತು ವರ್ಷ. ಮನೆಯಲ್ಲಿ ಅಮ್ಮ ನಗುತ್ತಲೇ ಇರಲಿಲ್ಲವೆಂದಲ್ಲ. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, ಅಡುಗೆಮನೆಯ ಗೋಡೆಯ ಕಡೆ ತಿರುಗಿಕೊಂಡು, ನಡುಮನೆಯಲ್ಲಿ ಕೂತ ತಾತನಿಗೆ ಕೇಳಿಸದ ಹಾಗೆ ನಗುತ್ತಿದ್ದಳು. ಆ ರಾತ್ರಿ ಮಾತ್ರ ಟೆಂಟಿನ ಹೆಂಗಸರ ಕಡೆಯ ನೆಲದ ಮೇಲೆ, ಪಕ್ಕದ ಮನೆಯವರ ತೊಡೆಯ ಮೇಲೆ ಕೈಯೂರಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಪರದೆಯ ಮೇಲೆ ರಾಜಕುಮಾರ್ ಎಮ್ಮೆಯ ಬೆನ್ನೇರಿ ಹಾಡುತ್ತಿದ್ದರು.

ಚಿತ್ರದ ಹೆಸರು ‘ಸಂಪತ್ತಿಗೆ ಸವಾಲ್’. 1974ರಲ್ಲಿ ತೆರೆಕಂಡದ್ದು, ನಮ್ಮೂರಿನ ಟೆಂಟಿಗೆ ಬರುವ ಹೊತ್ತಿಗೆ ಒಂದು ವರ್ಷ ಹಳೆಯದಾಗಿತ್ತು. ಸಂಜೆ ಮೈಕಿನಲ್ಲಿ ಘಂಟಸಾಲ ಅವರ ಭಕ್ತಿಗೀತೆ ಕೇಳಿಸಿತೆಂದರೆ ಟಿಕೆಟ್ಟು ಕೊಡಲು ಶುರುಮಾಡಿದ್ದಾರೆ ಎಂದರ್ಥ. ಅಮ್ಮ ಅವಸರದಲ್ಲಿ ಎಮ್ಮೆಯ ಹಾಲು ಕರೆದು, ತಾತನಿಗೆ ಊಟಕ್ಕಿಟ್ಟು, ನನ್ನ ಕೈ ಹಿಡಿದು ಓಡುವಂತೆ ನಡೆದಳು. ಸೀರೆಯಲ್ಲಿ ಕೊಟ್ಟಿಗೆಯ ವಾಸನೆ ಇನ್ನೂ ಇತ್ತು.

ಆ ಹಾಡು ನಿಮಗೂ ಗೊತ್ತು. ‘ಯಾರೇ ಕೂಗಾಡಲಿ’ ಎಂದರೆ ಸಾಕು, ಮುಂದಿನದನ್ನು ನೀವೇ ಹೇಳಿಕೊಳ್ಳುತ್ತೀರಿ. ಮದುವೆಮನೆಯ ಆರ್ಕೆಸ್ಟ್ರಾದಲ್ಲಿ, ಗಣೇಶನ ಪೆಂಡಾಲಿನಲ್ಲಿ ಇವತ್ತಿಗೂ ಅದನ್ನು ಹಾಡುತ್ತಾರೆ. 2012ರಲ್ಲಿ ಪುನೀತ್ ರಾಜಕುಮಾರ್ ಅವರ ಒಂದು ಚಿತ್ರಕ್ಕೆ ಅದೇ ಹೆಸರನ್ನಿಟ್ಟರು. ಇಷ್ಟು ವರ್ಷ ಕಳೆದರೂ ಈ ಹಾಡು ಬಂದಾಗ ಜನರ ಮುಖ ಏಕೆ ಅರಳುತ್ತದೆ? ಹೊಸ ನಗೆಹಾಡುಗಳು ಎಷ್ಟೋ ಬಂದವು, ಹೋದವು. ಇದು ಮಾತ್ರ ಉಳಿದದ್ದು ಹೇಗೆ? ಬಹಳ ದಿನದಿಂದ ನನ್ನನ್ನು ಕಾಡಿದ ಪ್ರಶ್ನೆ ಇದು. ಏಕೆಂದರೆ ಇದಕ್ಕೆ ಉತ್ತರ ಹುಡುಕುವುದೆಂದರೆ ನನಗೆ ಅಮ್ಮನ ಆ ನಗುವಿಗೆ ಉತ್ತರ ಹುಡುಕಿದಂತೆ.

ಮೊದಲು ಎಮ್ಮೆಯ ವಿಷಯಕ್ಕೇ ಬರೋಣ. ಹಸುವಿಗೆ ನಮ್ಮಲ್ಲಿ ಹಾಡುಂಟು. ‘ಗೋವಿನ ಹಾಡು’ ಕೇಳಿ ಪುಣ್ಯಕೋಟಿಗಾಗಿ ಅಳದ ಮಕ್ಕಳು ನಮ್ಮ ಕಾಲದಲ್ಲಿ ಇರಲಿಲ್ಲ. ಗೋಪೂಜೆ ಉಂಟು, ಕುಂಕುಮ ಉಂಟು. ಎಮ್ಮೆಗೆ ಏನುಂಟು? ಗಾದೆಗಳುಂಟು. ಹೇಳಿದ್ದು ತಲೆಗೆ ಹೋಗದವರನ್ನು ಕಂಡರೆ ಎಮ್ಮೆಯ ಮೇಲೆ ಮಳೆ ಸುರಿದಂತೆ ಎನ್ನುತ್ತೇವೆ. ಸಂಗೀತ ತಿಳಿಯದವರನ್ನು ಕಂಡರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ ಎನ್ನುತ್ತೇವೆ. ಪುರಾಣದಲ್ಲಿಯೂ ಅದರ ಕುಲಕ್ಕೆ ಸಿಕ್ಕಿದ್ದು ಯಮನ ವಾಹನದ ಕೆಲಸ, ಇಲ್ಲವೆ ಮಹಿಷಾಸುರನ ರೂಪ. ಆದರೆ ಮನೆಯ ಮಜ್ಜಿಗೆ ಗಟ್ಟಿಯಾಗಿರುವುದು, ಬೆಣ್ಣೆಯ ಮುದ್ದೆ ದೊಡ್ಡದಾಗಿರುವುದು ಯಾರಿಂದ? ಹಸುವಿನ ಹಾಲಿನಲ್ಲಿ ನೂರಕ್ಕೆ ನಾಲ್ಕರಷ್ಟು ಕೊಬ್ಬಿದ್ದರೆ ಎಮ್ಮೆಯ ಹಾಲಿನಲ್ಲಿ ಏಳರಷ್ಟಿರುತ್ತದೆ. ಇದನ್ನು ಹಾಲು ಕರೆಯುವ ಹೆಂಗಸಿಗೆ ಯಾರೂ ಹೇಳಿಕೊಡಬೇಕಿಲ್ಲ.

ಚಿ. ಉದಯಶಂಕರ್ ಬರೆದ ಈ ಹಾಡು ಆ ಗಾದೆಗಳನ್ನೆಲ್ಲ ತಲೆಕೆಳಗು ಮಾಡಿತು. ಯಾರು ಅರಚಿದರೂ, ಊರಿಗೆ ಊರೇ ಗಲಾಟೆ ಎಬ್ಬಿಸಿದರೂ ಶಾಂತಿ ಕೆಡಿಸಿಕೊಳ್ಳದ ಪ್ರಾಣಿಯೆಂದು ಅದು ಎಮ್ಮೆಯನ್ನು ಕೊಂಡಾಡುತ್ತದೆ. ನಾವು ದಡ್ಡತನವೆಂದದ್ದು ಇಲ್ಲಿ ದೊಡ್ಡತನವಾಯಿತು. ಇನ್ನೊಂದು ತಮಾಷೆ ನೋಡಿ: ಕಿನ್ನರಿಯ ಗಾದೆಯನ್ನು ಇಲ್ಲಿ ಅಕ್ಷರಶಃ ಅಭಿನಯಿಸಿದ್ದಾರೆ. ಹಾಡುವವರು ಗಂಟಲು ತೆರೆದು ಹಾಡುತ್ತಾರೆ, ಕೇಳಬೇಕಾದ ಎಮ್ಮೆಗೆ ಅದರ ಪರಿವೆಯೇ ಇಲ್ಲ. ಹಾಡಿನ ಹುರುಪು ಹೆಚ್ಚಿದಷ್ಟೂ ಅದರ ನಿರ್ಲಿಪ್ತತೆ ಎದ್ದು ಕಾಣುತ್ತದೆ. ಇಡೀ ದೃಶ್ಯದಲ್ಲಿ ಅಭಿನಯಿಸದೆ ಇರುವುದು ಅದೊಂದೇ, ಹೆಚ್ಚು ನಗಿಸುವುದೂ ಅದೇ.

ಇನ್ನು ಹಾಡಿದವರ ವಿಷಯ. 1954ರ ‘ಬೇಡರ ಕಣ್ಣಪ್ಪ’ದಿಂದ ಹಿಡಿದು ಇಪ್ಪತ್ತು ವರ್ಷದಲ್ಲಿ ಜನ ಈ ಮನುಷ್ಯನನ್ನು ಕನಕದಾಸರಾಗಿ, ಹರಿಶ್ಚಂದ್ರನಾಗಿ, ಮಂತ್ರಾಲಯದ ರಾಘವೇಂದ್ರಸ್ವಾಮಿಗಳಾಗಿ, ಕೃಷ್ಣದೇವರಾಯನಾಗಿ ನೋಡಿದ್ದರು. ನಮ್ಮ ಬೀದಿಯ ಮುದುಕಿಯರು ಚಿತ್ರ ನೋಡುವಾಗ ಅವರಿಗೆ ಕೈಮುಗಿಯುತ್ತಿದ್ದರು. ಹಾಗೆ ಕೈಮುಗಿಸಿಕೊಂಡವರು ಎಮ್ಮೆಯ ಮೇಲೆ ಕೂತರೆ ನಗು ಬಾರದಿರುತ್ತದೆಯೆ? ಆದರೆ ಆ ನಗುವಿನಲ್ಲಿ ಗೇಲಿ ಇರಲಿಲ್ಲ. ನಮ್ಮ ಕೊಟ್ಟಿಗೆಗೇ ಇವರು ಬಂದರಲ್ಲ ಎಂಬ ಸಂತೋಷ ಇತ್ತು. ದೊಡ್ಡವರು ಬಾಗಿದಾಗ ಸಣ್ಣವರಿಗೆ ಆಗುವ ಹಿಗ್ಗು ಅದು.

ಇದಕ್ಕಿಂತ ದೊಡ್ಡ ಸಂಗತಿ ದನಿಯದು. ಅದುವರೆಗೆ ರಾಜಕುಮಾರರ ಮುಖದಿಂದ ನಾವು ಕೇಳುತ್ತಿದ್ದ ಹಾಡು ಹೆಚ್ಚಾಗಿ ಪಿ.ಬಿ. ಶ್ರೀನಿವಾಸ್ ಅವರದು. ರೇಷ್ಮೆಯಂಥ ದನಿ. ಅದು ಬೇರೆಯವರ ದನಿಯೆಂದು ನಮಗೆ ಅನ್ನಿಸುತ್ತಲೂ ಇರಲಿಲ್ಲ. ‘ಸಂಪತ್ತಿಗೆ ಸವಾಲ್’ ಚಿತ್ರದ ಪ್ರೇಮಗೀತೆಗೂ ಅವರದೇ ದನಿ. ಈ ಎಮ್ಮೆಯ ಹಾಡು ಮಾತ್ರ, ಅವರಿಗೆ ಹುಷಾರಿಲ್ಲದ ಕಾರಣ, ರಾಜಕುಮಾರರ ಪಾಲಿಗೆ ಬಂತೆಂಬುದು ಚಿತ್ರರಂಗದಲ್ಲಿ ಎಲ್ಲರೂ ಹೇಳುವ ಕತೆ. ಹಾಡಿಸಿದವರು ಸಂಗೀತ ನಿರ್ದೇಶಕ ಜಿ.ಕೆ. ವೆಂಕಟೇಶ್. ಅವರಿಗೆ ಈ ಗಂಟಲಿನ ಪರಿಚಯ ಮೊದಲೇ ಇತ್ತು. 1959ರಲ್ಲಿ ಅವರೇ ಸಂಗೀತ ಕೊಟ್ಟ ‘ಮಹಿಷಾಸುರ ಮರ್ದಿನಿ’ಯಲ್ಲಿ ಎಸ್. ಜಾನಕಿಯವರೊಂದಿಗೆ ರಾಜಕುಮಾರ್ ಒಂದು ಯುಗಳಗೀತೆ ಹಾಡಿದ್ದರು. ಆ ಚಿತ್ರದಲ್ಲಿ ಅವರದು ಮಹಿಷಾಸುರನ ಪಾತ್ರ! ಹದಿನೈದು ವರ್ಷ ಬಿಟ್ಟು ಅವರ ದನಿ ಮತ್ತೆ ಎಮ್ಮೆಯನ್ನೇ ಹುಡುಕಿಕೊಂಡು ಬಂತು ಎಂದು ನಾನು ಹೇಳಿದರೆ ನಮ್ಮಮ್ಮ ಈಗಲೂ ನಗುತ್ತಾಳೆ.

ಆ ದನಿ ಎಲ್ಲಿಂದ ಬಂದದ್ದು? ಸಿನಿಮಾದಿಂದಲ್ಲ, ಕಂಪನಿ ನಾಟಕದಿಂದ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ರಂಗನಟರು, ಮಗ ಮುತ್ತುರಾಜ ಹುಡುಗನಾಗಿ ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬೆಳೆದವರು. ಅಲ್ಲಿ ಹಿನ್ನೆಲೆ ಗಾಯನವೆಂಬುದಿಲ್ಲ. ನಟ ತಾನೇ ಹಾಡಬೇಕು, ಕೊನೆಯ ಸಾಲಿನ ನೆಲದ ಗಿರಾಕಿಗೂ ಕೇಳಿಸಬೇಕು. ಜನ ‘ಒನ್ಸ್ ಮೋರ್’ ಎಂದರೆ ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಬೇಕು. ರಾಜ ಅಳಿಸಿದ ಮೇಲೆ ಹಾಸ್ಯದವನು ಬಂದು ನಗಿಸಬೇಕು. ‘ಸಂಪತ್ತಿಗೆ ಸವಾಲ್’ ಕೂಡ ಮೊದಲು ನಾಟಕವೇ, ಹುನಗುಂದದ ಸೀಮೆಯ ಪಿ.ಬಿ. ಧುತ್ತರಗಿಯವರು ಬರೆದದ್ದು. ಉತ್ತರದ ಕಂಪನಿಗಳು ಜಾತ್ರೆಜಾತ್ರೆಗೆ ಹೊತ್ತು ತಿರುಗಿದ ನಾಟಕ ಅದು. ಹೀಗೆ ದಕ್ಷಿಣದ ಕಂಪನಿಯಲ್ಲಿ ಪಳಗಿದ ಗಂಟಲು, ಉತ್ತರದ ಕಂಪನಿಯಲ್ಲಿ ಪಳಗಿದ ಕತೆ ಎರಡೂ ಎ.ವಿ. ಶೇಷಗಿರಿರಾವ್ ನಿರ್ದೇಶಿಸಿದ ಈ ಚಿತ್ರದಲ್ಲಿ ಕೂಡಿಕೊಂಡವು. ಪರದೆಯ ಮೇಲಿನ ಮುಖಕ್ಕೂ ದನಿಗೂ ಇದ್ದ ಅಂತರ ಆ ಮೂರು ನಾಲ್ಕು ನಿಮಿಷ ಇಲ್ಲವಾಯಿತು. ಜನಕ್ಕೆ ಕಾರಣ ತಿಳಿಯದಿದ್ದರೂ ಕಿವಿಗೆ ತಿಳಿಯುತ್ತದೆ. ಹುರುಪು ಎನ್ನುವುದನ್ನು ಬೇರೆಯವರಿಂದ ಎರವಲು ತರಲಾಗುವುದಿಲ್ಲ.

ಆಮೇಲೆ ರಾಜಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದರು. 1992ರ ‘ಜೀವನ ಚೈತ್ರ’ ಚಿತ್ರದ ಶಾಸ್ತ್ರೀಯ ಹಾಡಿಗೆ ಅವರಿಗೆ ಶ್ರೇಷ್ಠ ಗಾಯಕರೆಂದು ರಾಷ್ಟ್ರಪ್ರಶಸ್ತಿ ಬಂತು. ಆ ದಾರಿ ಶುರುವಾದದ್ದು ಎಮ್ಮೆಯ ಬೆನ್ನಿನಿಂದ.

ಇಷ್ಟು ಹೇಳಿದ ಮೇಲೆ, ಮನಸ್ಸಿಗೆ ಚುಚ್ಚುವ ಮಾತನ್ನೂ ಹೇಳಬೇಕು. ಅದೇ ಚಿತ್ರದಲ್ಲಿ ಮಂಜುಳಾ ಅವರದು ಸೊಕ್ಕಿನ ಸಿರಿವಂತರ ಹುಡುಗಿಯ ಪಾತ್ರ. ಆ ಸೊಕ್ಕನ್ನು ಮುರಿಯುವುದೇ ಕತೆ. ಗಂಡಿನ ದಿಟ್ಟತನಕ್ಕೆ ಚಪ್ಪಾಳೆ, ಹೆಣ್ಣಿನ ದಿಟ್ಟತನಕ್ಕೆ ಪಾಠ. ಹೆಣ್ಣನ್ನು ಪಳಗಿಸುವ ಈ ಕತೆ ನಮ್ಮ ಚಿತ್ರರಂಗಕ್ಕೆ ಬಹಳ ಪ್ರಿಯ. 1989ರ ‘ನಂಜುಂಡಿ ಕಲ್ಯಾಣ’ದವರೆಗೂ, ಅದರಾಚೆಗೂ ಬಂತು. ನಾನು ಕಾಲೇಜಿಗೆ ಹೋಗುವಾಗ, ಹೊಸದಾಗಿ ನಾಲ್ಕು ಪುಸ್ತಕ ಓದಿದ ಉತ್ಸಾಹದಲ್ಲಿ, ಅಮ್ಮನ ಹತ್ತಿರ ವಾದ ಮಾಡಿದ್ದೆ. ‘ನೀನು ಅಷ್ಟು ನಕ್ಕೆಯಲ್ಲಮ್ಮ, ಆ ಹಾಡು ಏನು ಹೇಳುತ್ತೆ ಯೋಚನೆ ಮಾಡಿದ್ದೀಯಾ? ಯಾರು ಎಷ್ಟು ಕೂಗಿದರೂ ಸುಮ್ಮನೆ ಸಹಿಸಿಕೊಂಡಿರು ಅನ್ನುತ್ತೆ. ಎಮ್ಮೆಗೆ ಹೇಳಿದ ಹಾಗೆ ನಿನಗೂ ಹೇಳಿದ್ದಾರೆ.’

ಅಮ್ಮ ಬೂಸಾ ಕಲಸುತ್ತಿದ್ದವಳು ತಲೆ ಎತ್ತಲಿಲ್ಲ. ‘ನೀನು ಎಮ್ಮೆ ಸಾಕಿಲ್ಲ ಕಣೇ, ಅದಕ್ಕೆ ಹಾಗಂತೀಯ. ಎಮ್ಮೆ ಹೆದರಿ ಸುಮ್ಮನಿರಲ್ಲ. ಕೆರೆಗಿಳಿದು ಮಲಗಿದ ಎಮ್ಮೇನ ಎಬ್ಬಿಸು ನೋಡೋಣ. ಅದಕ್ಕೆ ಇಷ್ಟ ಬಂದಾಗಲೇ ಏಳೋದು. ಕಂಡವರು ಬಂದು ಕೂತರೆ ಒಂದು ಲೋಟ ಹಾಲೂ ಬಿಡಲ್ಲ’ ಎಂದಳು.

ಅವಳು ಹೇಳಿದ್ದರ ಅರ್ಥ ನನ್ನ ಕಣ್ಣೆದುರೇ ಇತ್ತು, ನಾನು ಗಮನಿಸಿರಲಿಲ್ಲ. ಈ ಚಿತ್ರ ಬಂದ ವರ್ಷವೇ, 1974ರಲ್ಲಿ, ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಹೈನು ಅಭಿವೃದ್ಧಿಯ ಯೋಜನೆ ಶುರುವಾಗಿತ್ತು. ಗುಜರಾತಿನ ಆನಂದ್ ಮಾದರಿಯಲ್ಲಿ ಹಳ್ಳಿ ಹಳ್ಳಿಗೂ ಹಾಲಿನ ಸೊಸೈಟಿಗಳು ಬಂದವು. ಮುಂದೆ 1984ರಲ್ಲಿ ಇವೆಲ್ಲ ಕರ್ನಾಟಕ ಹಾಲು ಮಹಾಮಂಡಳದಡಿ ಸೇರಿದವು. ನಮ್ಮೂರಿಗೆ ಡೇರಿ ಬಂದಾಗ ಅಮ್ಮ, ಹಾಲನ್ನು ತಾನೇ ಒಯ್ದು ಹಾಕುತ್ತೇನೆ, ಪುಸ್ತಕ ತನ್ನ ಹೆಸರಿನಲ್ಲಿರಲಿ ಎಂದಳು. ತಾತನ ಕೂಗು ಬೀದಿಯ ಕೊನೆಯವರೆಗೆ ಕೇಳಿಸಿತು. ಮನೆಯ ಸೊಸೆ ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲುವುದೇ, ದುಡ್ಡು ಎಣಿಸುವುದೇ ಎಂದು ಮೂರು ದಿನ ಕೂಗಾಡಿದರು. ಅಪ್ಪ ಪೇಪರು ಅಡ್ಡ ಹಿಡಿದು ಕೂತಿದ್ದರು. ಅಮ್ಮ ಎದುರುತ್ತರ ಕೊಡಲಿಲ್ಲ, ಅಳಲಿಲ್ಲ, ಊಟ ಬಿಡಲಿಲ್ಲ. ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತ ಆ ಹಾಡಿನ ರಾಗವನ್ನು, ಮಾತಿಲ್ಲದೆ, ಮೂಗಿನಲ್ಲೇ ಗುನುಗುತ್ತಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ಕ್ಯಾನು ಎತ್ತಿಕೊಂಡು ಹೊರಟಳು. ತಾತ ಜಗಲಿಯ ಮೇಲೆ ಕೂತು ನೋಡುತ್ತಲೇ ಇದ್ದರು. ಹದಿನೈದು ದಿನಕ್ಕೆ ಬಟವಾಡೆಯಾದಾಗ ಮೊದಲ ದುಡ್ಡಿನಲ್ಲಿ ಅವರಿಗೇ ನಶ್ಯದ ಡಬ್ಬಿ ತಂದುಕೊಟ್ಟಳು. ಮಿಕ್ಕದ್ದು ನನ್ನ ಶಾಲೆಯ ಫೀಸಾಯಿತು, ಆಮೇಲೆ ಕಾಲೇಜಿನ ಹಾಸ್ಟೆಲ್ಲಾಯಿತು. ಅವಳ ಹಾಲಿನ ದುಡ್ಡಿನಲ್ಲಿ ಓದಿಯೇ ನಾನು ಅವಳಿಗೆ ಆ ಹಾಡಿನ ಅರ್ಥ ಹೇಳಲು ಹೋಗಿದ್ದೆ.

ಸಹಿಸಿಕೊಳ್ಳುವುದು ಬೇರೆ, ಲಕ್ಷ್ಯ ಕೊಡದಿರುವುದು ಬೇರೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಹಾಗೆ ಕಾಣುತ್ತವೆ, ಎರಡರಲ್ಲೂ ಬಾಯಿ ಮುಚ್ಚಿರುತ್ತದೆ. ಆ ಟೆಂಟಿನ ಹೆಂಗಸರ ಕಡೆ ಕೂತವರಲ್ಲಿ ಮನೆಯಲ್ಲಿ ಕೂಗಿಸಿಕೊಳ್ಳದವರು ಯಾರಿದ್ದರು? ಕಾಫಿ ಆರಿದ್ದಕ್ಕೆ, ಸಾರು ಸಪ್ಪೆಯಾದದ್ದಕ್ಕೆ, ಮಗು ಅತ್ತದ್ದಕ್ಕೆ ಕೂಗು. ಇಷ್ಟೆಲ್ಲ ಕೂಗಿನ ನಡುವೆ ತಮ್ಮ ಪಾಡಿಗೆ ತಾವು ಇರಬಹುದು, ಅದೇ ಗೆಲುವು ಎಂದು ನಾಡೇ ಕೈಮುಗಿಯುವ ಮನುಷ್ಯ ಗಂಟಲೆತ್ತಿ ಹಾಡಿದರೆ, ಅದು ಎಮ್ಮೆಗೆ ಹೇಳಿದ್ದೆಂದು ಗಂಡಸರು ನಕ್ಕಿರಬಹುದು. ಹೆಂಗಸರು ಅದು ತಮಗೆ ಹೇಳಿದ್ದೆಂದು ನಕ್ಕರು. ಉಪದೇಶವಾಗಿ ಹೇಳಿದ್ದರೆ ಯಾರೂ ಕೇಳುತ್ತಿರಲಿಲ್ಲ. ತಮಾಷೆಯಾಗಿ ಹೇಳಿದ್ದರಿಂದ ಮನೆಗೂ ತಂದರು, ಅಡುಗೆಮನೆಯಲ್ಲಿ ಗುನುಗಿದರೂ ಯಾರೂ ತಪ್ಪು ಹಿಡಿಯುವಂತಿರಲಿಲ್ಲ. ಸಿನಿಮಾದ ಹಾಡು ತಾನೆ!

ರಾಜಕುಮಾರ್ 2006ರಲ್ಲಿ ತೀರಿಕೊಂಡರು, ಶ್ರೀನಿವಾಸ್ 2013ರಲ್ಲಿ. ನಮ್ಮೂರಿನ ಟೆಂಟಿದ್ದ ಜಾಗದಲ್ಲಿ ಈಗ ಕಲ್ಯಾಣಮಂಟಪವಿದೆ. ಎಮ್ಮೆಯನ್ನು ಸಾಕುವ ಶಕ್ತಿ ಅಮ್ಮನಿಗಿಲ್ಲ. ಕೊಟ್ಟಿಗೆಯಲ್ಲಿ ಸೈಕಲ್ಲು, ಹಳೆಯ ಟ್ರಂಕು ಇವೆ. ಕಳೆದ ಹಬ್ಬಕ್ಕೆ ಊರಿಗೆ ಹೋದಾಗ ನನ್ನ ಮಗಳು ಮೊಬೈಲಿನಲ್ಲಿ ಆ ಹಾಡನ್ನು ಹಾಕಿ ಅಜ್ಜಿಯ ಕೈಗೆ ಕೊಟ್ಟಳು. ಅಮ್ಮ ಕನ್ನಡಕ ಸರಿಮಾಡಿಕೊಂಡು, ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಹಾಡು ಮುಗಿಯುವವರೆಗೂ ಮಾತಾಡಲಿಲ್ಲ.

‘ರಾಜಕುಮಾರ್ ಎಷ್ಟು ಚೆನ್ನಾಗಿದ್ದಾರೆ ಅಲ್ವಾ ಅಜ್ಜಿ?’ ಎಂದು ಮಗಳು ಕೇಳಿದಳು.

‘ಅವರು ಬಿಡು, ಯಾವಾಗಲೂ ಚೆನ್ನ. ಎಮ್ಮೆ ನೋಡಿದೆಯಾ ನೀನು?’ ಎಂದಳು ಅಮ್ಮ. ಸೆರಗು ಅಡ್ಡ ಹಿಡಿಯದೆ ನಕ್ಕಳು. ಮತ್ತೆ ಮೊದಲಿಂದ ಹಾಕು ಎಂದಳು.