ಬಾಗಿಲ ಹೊರಗಿನ ಬಹುಮಾನ

ಗಾಲ್ಫ್ ನಮ್ಮ ಕಡೆಯ ಆಟವಲ್ಲ. ಅಳ್ನಾವರದಂಥ ಊರಿನಲ್ಲಿ ಆಟವೆಂದರೆ ಗರಡಿಮನೆಯ ಕುಸ್ತಿ, ಕಬಡ್ಡಿ, ಹುಡುಗರ ಚಿಣಿಕೋಲು. ವಿಶಾಲವಾದ ಹುಲ್ಲುಬಯಲಿನಲ್ಲಿ ಪುಟ್ಟ ಬಿಳಿಯ ಚೆಂಡೊಂದನ್ನು ಕೋಲಿನಿಂದ ಹೊಡೆಯುತ್ತ ಹೋಗಿ ದೂರದ ಕುಳಿಯಲ್ಲಿ ಬೀಳಿಸುವ ಈ ಕ್ರೀಡೆಯನ್ನು ನಮ್ಮಲ್ಲಿ ಹಲವರು ಚಿತ್ರದಲ್ಲಿ ಮಾತ್ರ ಕಂಡಿದ್ದಾರೆ. ನಾನೂ ಅವರಲ್ಲಿ ಒಬ್ಬ. ಆದರೂ ಇಂದು, ಈಗ ನಡೆಯದೆ ನಿಂತುಹೋಗಿರುವ ಒಂದು ಗಾಲ್ಫ್ ಪಂದ್ಯಾವಳಿಯ ಕಥೆಯನ್ನು ಹೇಳಬೇಕೆಂದಿದ್ದೇನೆ. ಅದು ನಡೆದದ್ದು ದಕ್ಷಿಣ ಆಫ್ರಿಕದ ನಟಾಲ್ ಪ್ರಾಂತದಲ್ಲಿ. ವೃತ್ತಿಪರ ಆಟಗಾರರ ಆ ಸ್ಪರ್ಧೆಯ ಹೆಸರು ನಟಾಲ್ ಓಪನ್.

ನಟಾಲ್ ನಮಗೆ ತೀರ ಅಪರಿಚಿತವಾದ ನಾಡಲ್ಲ. ಅಲ್ಲಿಯ ಕಬ್ಬಿನ ತೋಟಗಳಲ್ಲಿ ದುಡಿಯಲೆಂದು 1860ರಿಂದ 1911ರವರೆಗೆ ಭಾರತದಿಂದ ಕರಾರಿನ ಕೂಲಿಗಳನ್ನು ಹಡಗು ತುಂಬಿ ಒಯ್ದರು. 1893ರಲ್ಲಿ ತರುಣ ವಕೀಲ ಗಾಂಧಿ ಇಳಿದದ್ದು ಅಲ್ಲಿಯ ಡರ್ಬಾನ್ ಬಂದರಿನಲ್ಲಿಯೇ. ಅದೇ ಡರ್ಬಾನಿನಲ್ಲಿ, ಭಾರತೀಯ ಮೂಲದ ಬಡ ಕುಟುಂಬವೊಂದರಲ್ಲಿ ಸೇವ್‌ಸಂಕರ್ ಸೇವ್‌ಗೋಲಮ್ ಹುಟ್ಟಿದನು. ಜನ ಅವನನ್ನು ಕರೆದದ್ದು ‘ಪಪ್ವಾ’ ಎಂದು.

ಪಪ್ವಾನಿಗೆ ಓದುಬರಹ ಬರುತ್ತಿರಲಿಲ್ಲ. ಹುಡುಗನಾಗಿದ್ದಾಗಲೇ ಬಿಳಿಯರ ಗಾಲ್ಫ್ ಮೈದಾನದಲ್ಲಿ ಕ್ಯಾಡಿಯಾದನು. ಕ್ಯಾಡಿಯೆಂದರೆ ಆಟಗಾರನ ಕೋಲುಗಳ ಚೀಲವನ್ನು ಹೊತ್ತು ಅವನ ಹಿಂದೆ ನಡೆಯುವ ಆಳು. ನೋಡಿ ನೋಡಿಯೇ ಆಟ ಕಲಿತನು. ಕಲಿಸುವವರಿಲ್ಲದ್ದರಿಂದ ಅವನ ಹಿಡಿತವೇ ತಿರುವುಮುರುವಾಗಿತ್ತು: ಬಲಗೈ ಆಟಗಾರರೆಲ್ಲ ಎಡಗೈಯನ್ನು ಮೇಲೆ, ಬಲಗೈಯನ್ನು ಕೆಳಗೆ ಇಟ್ಟು ಕೋಲು ಹಿಡಿದರೆ, ಇವನದು ಬಲಗೈ ಮೇಲೆ, ಎಡಗೈ ಕೆಳಗೆ. ಬಲ್ಲವರು ತಪ್ಪೆನ್ನುವ ಆ ಹಿಡಿತದಿಂದಲೇ ಅವನು 1959ರಲ್ಲಿ ಯೂರೋಪಿಗೆ ಹೋಗಿ ಡಚ್ ಓಪನ್ ಪಂದ್ಯಾವಳಿಯನ್ನು ಗೆದ್ದನು. 1960ರಲ್ಲಿ ಮತ್ತೆ, 1964ರಲ್ಲಿ ಮತ್ತೊಮ್ಮೆ ಗೆದ್ದನು.

ಹಾಲೆಂಡಿನಲ್ಲಿ ಗೆದ್ದವನಿಗೆ ಹುಟ್ಟಿದೂರಿನ ಮೈದಾನ ಅಷ್ಟು ಸುಲಭವಾಗಿ ತೆರೆಯಲಿಲ್ಲ. ಆಗ ಅಲ್ಲಿ ವರ್ಣಭೇದ ನೀತಿ ಕಾಯಿದೆಯ ರೂಪ ತಾಳಿತ್ತು. ಯಾವ ಬಣ್ಣದವರು ಎಲ್ಲಿ ವಾಸಿಸಬೇಕು, ಎಲ್ಲಿ ಕೂಡಬೇಕು ಎಂಬುದೆಲ್ಲ ಸರ್ಕಾರದ ಕಡತಗಳಲ್ಲಿ ನಿರ್ಧಾರವಾಗುತ್ತಿತ್ತು. ಕೊನೆಗೆ 1963ರಲ್ಲಿ, ಡರ್ಬಾನ್ ಕಂಟ್ರಿ ಕ್ಲಬ್ಬಿನಲ್ಲಿ ನಡೆದ ನಟಾಲ್ ಓಪನ್‌ನಲ್ಲಿ ಅವನು ಆಡಿದನು. ನೂರಕ್ಕೂ ಹೆಚ್ಚು ಬಿಳಿಯ ಆಟಗಾರರ ನಡುವೆ ಆಡಿ ಗೆದ್ದನು. ಗಾಲ್ಫಿನಲ್ಲಿ ಕಡಿಮೆ ಹೊಡೆತಗಳಲ್ಲಿ ಸುತ್ತು ಮುಗಿಸಿದವನೇ ವಿಜಯಿ. ಎಣಿಕೆಗೆ ಬಣ್ಣವಿಲ್ಲವಾದ್ದರಿಂದ ಯಾರೂ ಅದನ್ನು ಅಲ್ಲಗಳೆಯುವಂತಿರಲಿಲ್ಲ.

ಆದರೆ ಬಹುಮಾನ ಕೊಡುವ ಹೊತ್ತಿಗೆ ಮಳೆ ಬಂದಿತು. ಬಿಳಿಯ ಆಟಗಾರರು ಕ್ಲಬ್ಬಿನ ಕಟ್ಟಡದೊಳಗೆ ಬೆಚ್ಚಗೆ ಕುಳಿತಿದ್ದರು. ಭಾರತೀಯನಾದ ಪಪ್ವಾ ಒಳಗೆ ಕಾಲಿಡುವಂತಿರಲಿಲ್ಲ. ಗೆದ್ದವನು ಹೊರಗೆ ಮಳೆಯಲ್ಲಿ ನಿಂತು ಬಹುಮಾನವನ್ನು ಪಡೆದನು. ಆ ಸುದ್ದಿ ದೇಶದೇಶಗಳ ಪತ್ರಿಕೆಗಳಲ್ಲಿ ಬಂದು, ದಕ್ಷಿಣ ಆಫ್ರಿಕದ ಕ್ರೀಡೆಯ ವಿರುದ್ಧ ಎದ್ದಿದ್ದ ಕೂಗಿಗೆ ಬಲ ಬಂದಿತು. 1964ರ ಟೋಕಿಯೊ ಒಲಿಂಪಿಕ್ಸಿಗೆ ಆ ದೇಶಕ್ಕೆ ಪ್ರವೇಶ ದೊರೆಯಲಿಲ್ಲ. 1965ರಲ್ಲಿ ಪಪ್ವಾ ಗ್ಯಾರಿ ಪ್ಲೇಯರನಂಥ ಜಗತ್ಪ್ರಸಿದ್ಧ ಆಟಗಾರನನ್ನೇ ಹಿಂದಿಕ್ಕಿ ನಟಾಲ್ ಓಪನ್‌ಅನ್ನು ಎರಡನೆಯ ಸಲ ಗೆದ್ದನು. ಬಳಿಕ ಸರ್ಕಾರ ಅವನನ್ನು ಬಿಳಿಯರ ಪಂದ್ಯಗಳಿಂದ ದೂರವಿಟ್ಟಿತು, ಪಾಸ್‌ಪೋರ್ಟನ್ನೂ ಕಿತ್ತುಕೊಂಡಿತು. 1978ರಲ್ಲಿ ಅವನು ಬಡವನಾಗಿಯೇ ತೀರಿಕೊಂಡನು.

ಈ ಕಥೆಯನ್ನು ಓದಿದಾಗ ನನಗೆ ಮೊದಲು ಬಂದದ್ದು ಸಿಟ್ಟು. ನಮ್ಮ ರಕ್ತದವನಿಗೆ ಪರದೇಶದಲ್ಲಿ ಹೀಗಾಯಿತಲ್ಲ ಎಂಬ ಸಿಟ್ಟು. ಅದರ ಹಿಂದೆಯೇ ಧಾರವಾಡದ ಒಂದು ಹೆಸರು ನೆನಪಾಗಿ ಆ ಸಿಟ್ಟು ನನ್ನ ಕಡೆಗೇ ತಿರುಗಿತು.

ಪಾಲ್ವಣಕರ ಬಾಳೂ ಹುಟ್ಟಿದ್ದು ಧಾರವಾಡದಲ್ಲಿ, 1870ರ ದಶಕದಲ್ಲಿ. ಚಮ್ಮಾರ ಕುಲದ ಸೈನಿಕನೊಬ್ಬನ ಮಗನಾಗಿ. ಪುಣೆಯ ಯೂರೋಪಿಯನ್ನರ ಕ್ಲಬ್ಬಿನಲ್ಲಿ ಕ್ರಿಕೆಟ್ ಅಂಗಳವನ್ನು ಹದಮಾಡುವ ಕೆಲಸದಲ್ಲಿದ್ದು, ದೊರೆಗಳಿಗೆ ಅಭ್ಯಾಸಕ್ಕೆಂದು ಚೆಂಡೆಸೆದು ಎಸೆದು ಅಸಾಮಾನ್ಯ ಬೌಲರನಾದನು. ಪಪ್ವಾ ಚೀಲ ಹೊತ್ತು ಕಲಿತಂತೆ ಬಾಳೂ ಅಂಗಳ ಗುಡಿಸಿ ಕಲಿತನು. ಹಿಂದೂಗಳ ತಂಡಕ್ಕೆ ಅವನ ಬೌಲಿಂಗ್ ಬೇಕಾಯಿತು. ಆದರೆ ಚಹಾದ ವಿರಾಮದಲ್ಲಿ ಜೊತೆಯ ಆಟಗಾರರು ಒಳಗೆ ಪಿಂಗಾಣಿ ಕಪ್ಪಿನಲ್ಲಿ ಚಹಾ ಕುಡಿಯುವಾಗ, ಅವನಿಗೆ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು.

1911ರಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋದಾಗ ಬಾಳೂ ನೂರಕ್ಕೂ ಹೆಚ್ಚು ವಿಕೆಟ್ ಪಡೆದನು. ಮರುವರ್ಷ ಮುಂಬಯಿಯಲ್ಲಿ ಯೂರೋಪಿಯನ್, ಪಾರ್ಸಿ, ಹಿಂದೂ, ಮುಸ್ಲಿಮ್ ತಂಡಗಳ ಚತುಷ್ಕೋಣ ಪಂದ್ಯಾವಳಿ ಮೊದಲಾಯಿತು. ಹಿಂದೂ ತಂಡದ ನಾಯಕತ್ವ ಬಾಳೂವಿಗೆ ಬರಲೇ ಇಲ್ಲ. 1923ರಲ್ಲಿ ಅವನ ತಮ್ಮ ವಿಠ್ಠಲನಿಗೆ ಬಂದಿತು. ಪಂಚಕೋಣವಾಗಿ ಬೆಳೆದ ಆ ಪಂದ್ಯಾವಳಿಯೂ 1946ರಲ್ಲಿ ನಿಂತಿತು. ದಕ್ಷಿಣ ಆಫ್ರಿಕದಲ್ಲಿ ಭಾರತೀಯರಿಗೆ ಆಗುತ್ತಿದ್ದ ಅನ್ಯಾಯವನ್ನು ನಮ್ಮ ದೇಶ ವಿಶ್ವಸಂಸ್ಥೆಯ ಮುಂದೆ ಇಟ್ಟದ್ದೂ ಅದೇ ವರ್ಷ.

ಡರ್ಬಾನಿನಲ್ಲಿ ಬಾಗಿಲು ಹಾಕಿದ್ದು ಕಾಯಿದೆ. ಇಲ್ಲಿ ಯಾವ ಕಾಯಿದೆಯೂ ಬೇಕಾಗಿರಲಿಲ್ಲ. ನಾನು ಹುಡುಗನಾಗಿದ್ದಾಗ ಒಂದು ಚಹಾದಂಗಡಿಯ ಹೊರಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಟ್ಟಿದ್ದ ಕಪ್ಪುಗಳನ್ನು ಕಂಡಿದ್ದೇನೆ. ಅವು ಯಾರಿಗೆಂದು ನಾನು ಕೇಳಲಿಲ್ಲ. ಕೇಳಬೇಕಾದ ಸಂಗತಿಯೆಂದೇ ನನಗೆ ತೋರಿರಲಿಲ್ಲ.

ಕಾಲ ಬದಲಾಗಿಲ್ಲವೆಂದು ಹೇಳಲಾರೆ. ನಮ್ಮ ಕರ್ನಾಟಕಕ್ಕೂ ಗಾಲ್ಫಿನ ಹಳೆಯ ನಂಟಿದೆ. ಬ್ರಿಟಿಷರು ಬೆಂಗಳೂರಿನಲ್ಲಿ ಗಾಲ್ಫ್ ಕ್ಲಬ್ಬನ್ನು ಕಟ್ಟಿದ್ದು 1876ರಲ್ಲಿ. ಅದೇ ಬೆಂಗಳೂರಿನಲ್ಲಿ ಕ್ಯಾಡಿಯಾಗಿದ್ದ ಚಿನ್ನಸ್ವಾಮಿ ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಪಂದ್ಯಾವಳಿಯನ್ನೇ ಗೆದ್ದರು. ಡರ್ಬಾನಿನಲ್ಲಿ ಇಂದು ಪಪ್ವಾನ ಹೆಸರಿನ ಗಾಲ್ಫ್ ಮೈದಾನವಿದೆ. ಧಾರವಾಡದಲ್ಲಿ ದಾರಿಹೋಕರನ್ನು ನಿಲ್ಲಿಸಿ ಬಾಳೂ ಯಾರೆಂದು ಕೇಳಿದರೆ ಎಷ್ಟು ಜನ ಹೇಳಿಯಾರು? ಮಳೆಯಲ್ಲಿ ನಿಂತವನಿಗಾಗಿ ಮರುಗುವ ನಾವು, ನಮ್ಮೂರಿನಲ್ಲೇ ಹುಟ್ಟಿ ಹೊರಗೆ ನಿಂತು ಚಹಾ ಕುಡಿದವನನ್ನೂ ನೆನೆಯಬೇಕಾಗಿದೆ.